ಕುಸುಬೆ ಎಣ್ಣೆ ಮತ್ತು 2850ರ ಶಿಖರ

ಕಳೆದ ಡಿಸೆಂಬರ್‌ನಲ್ಲಿ ಗದಗಿನ ಮನೆಗೆ ಹೋದಾಗ ಅವ್ವ ಒಡೆದ ಹಿಮ್ಮಡಿಗೆ ಕುಸುಬೆ ಎಣ್ಣೆ ಹಚ್ಚಿಕೊಳ್ಳುತ್ತಾ ಕುಳಿತಿದ್ದಳು. "ಚರ್ಮದ ಮೇಲೆಯೇ ಸಂಶೋಧನೆ ಮಾಡುತ್ತೀಯಲ್ಲ, ಈ ಎಣ್ಣೆ ಒಳಗೆ ಇಳಿಯುತ್ತದೋ ಇಲ್ಲವೋ ಹೇಳು" ಎಂದಳು. ಎರಡು ವರ್ಷದಿಂದ ಧಾರವಾಡದ ಪ್ರಯೋಗಾಲಯದಲ್ಲಿ ಅವಕೆಂಪು ರೋಹಿತಮಾಪಕದ (ವಸ್ತುವೊಂದು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಎಲ್ಲೆಲ್ಲಿ ಹೀರುತ್ತದೆ ಎಂದು ಗೆರೆ ಎಳೆದು ತೋರಿಸುವ ಉಪಕರಣ) ಮುಂದೆ ಕುಳಿತಿದ್ದ ನನಗೆ ಥಟ್ಟನೆ ಉತ್ತರ ಹೇಳಲಾಗಲಿಲ್ಲ. ಮರುವಾರವೇ ಆ ಎಣ್ಣೆಯ ಒಂದು ಸಣ್ಣ ಶೀಶೆ ನನ್ನ ಚೀಲದಲ್ಲಿತ್ತು.

ನಾನು ನೋಡುವುದು ಚರ್ಮದ ತೀರಾ ಹೊರಗಿನ ಪದರವನ್ನು. ಮುಂಗೈಯಲ್ಲಿ ಅದರ ದಪ್ಪ ಹತ್ತರಿಂದ ಇಪ್ಪತ್ತು ಮೈಕ್ರಾನ್, ಕಾಗದದ ಹಾಳೆಗಿಂತ ಎಷ್ಟೋ ತೆಳು. ಅಲ್ಲಿನ ಸತ್ತ ಜೀವಕೋಶಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು ತುಂಬಿಕೊಂಡಿರುತ್ತವೆ. ಮೈಯ ನೀರು ಆರಿ ಹೋಗದಂತೆ ತಡೆಯುವುದು ಈ ಲಿಪಿಡ್‌ಗಳೇ, ಅಂದರೆ ಜಿಡ್ಡಿನ ವಸ್ತುಗಳೇ. ಇವುಗಳ ಉದ್ದನೆಯ ಇಂಗಾಲದ ಸರಪಳಿಗಳು ಜೋಳದ ಕಣಿಕೆಯನ್ನು ಬಣವೆ ಒಟ್ಟಿದಂತೆ ನೆಟ್ಟಗೆ, ಒತ್ತೊತ್ತಾಗಿ ನಿಂತಿದ್ದರೆ ರೋಹಿತದಲ್ಲಿ, ಅಂದರೆ ಉಪಕರಣ ಎಳೆಯುವ ಆ ಗೆರೆಯಲ್ಲಿ, ಸಿಎಚ್2 ಗುಂಪಿನ (ಒಂದು ಇಂಗಾಲ, ಎರಡು ಜಲಜನಕ) ಶಿಖರ ಸೆಂಟಿಮೀಟರಿಗೆ 2849-2850 ಅಲೆಗಳ ಬಳಿ ಕಾಣಿಸುತ್ತದೆ. ಸರಪಳಿಗಳು ಬಾಗಿ ಸಡಿಲವಾದರೆ ಅದು 2853-2854ಕ್ಕೆ ಸರಿಯುತ್ತದೆ. ಇಷ್ಟು ಸಣ್ಣ ಜರುಗಾಟದಲ್ಲಿ ಒಂದು ಪದರದ ಆರೋಗ್ಯವನ್ನು ಓದಬಹುದು ಎಂಬ ಸಂಗತಿಯೇ ನನ್ನನ್ನು ಈ ಕೆಲಸಕ್ಕೆ ಎಳೆದದ್ದು.

ಮೊದಮೊದಲು ಹಂದಿಯ ಕಿವಿಯ ಚರ್ಮದ ಮೇಲೆ ಕೆಲಸ ಮಾಡುತ್ತಿದ್ದೆ. ಅದು ಮನುಷ್ಯರ ಚರ್ಮವನ್ನು ಬಹುಮಟ್ಟಿಗೆ ಹೋಲುತ್ತದೆ. ಕೂದಲು ತೆಗೆಯಲು ಬಿಸಿನೀರು ಸುರಿಯುವ ಮುನ್ನವೇ ಕಿವಿಯನ್ನು ಕೊಡಿ ಎಂದು ಮಾಂಸದ ಅಂಗಡಿಯವರಿಗೆ ತಿಳಿಸಿ ಹೇಳಬೇಕಾಯಿತು. ಬಿಸಿನೀರು ಬಿದ್ದ ಚರ್ಮದ ಲಿಪಿಡ್‌ಗಳನ್ನು ನಂಬಿ ಅಳೆಯಲಾಗುವುದಿಲ್ಲ.

ಅವ್ವನ ಪ್ರಶ್ನೆಗೆ ಮಾತ್ರ ನನ್ನ ಎಡಗೈಯೇ ಸಾಕೆನಿಸಿತು. ಎರಡು ದಿನ ಮುಂಗೈಯ ಒಳಭಾಗಕ್ಕೆ ಸಾಬೂನನ್ನೂ ಎಣ್ಣೆಯನ್ನೂ ಸೋಕಿಸಲಿಲ್ಲ. ಆಮೇಲೆ ಉಪಕರಣದ ವಜ್ರದ ಹರಳಿನ ಮೇಲೆ ಕೈಯನ್ನು ಒತ್ತಿ ರೋಹಿತ ತೆಗೆದೆ. ಪ್ರತಿ ಸಲವೂ ಒತ್ತುವ ಹೊತ್ತು ಒಂದೇ ಇರಬೇಕು. ಇಲ್ಲದಿದ್ದರೆ ಹರಳಿನ ಅಡಿಯಲ್ಲಿ ಬೆವರು ಕೂಡಿ 1640ರ ಬಳಿ ನೀರಿನ ಶಿಖರ ಮೇಲೇಳುತ್ತದೆ. ಸಿಎಚ್2 ಶಿಖರ 2850ರ ಆಸುಪಾಸಿನಲ್ಲಿತ್ತು. ಎರಡು ಹನಿ ಎಣ್ಣೆ ತಿಕ್ಕಿ, ಒಂದು ತಾಸಿನ ನಂತರ ಬಟ್ಟೆಯಿಂದ ಒರೆಸಿ ಮತ್ತೆ ಅಳೆದೆ. ಶಿಖರ 2854ಕ್ಕೆ ಹೋಗಿತ್ತು.

ಎಣ್ಣೆ ಒಳಗಿಳಿದು ಲಿಪಿಡ್‌ಗಳನ್ನು ಸಡಿಲಿಸಿದೆ ಎಂದೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಬಿಟ್ಟೆ. ಸಂಜೆ ಮನಸ್ಸು ತಡೆಯದೆ ಬರೀ ಎಣ್ಣೆಯ ಒಂದು ಹನಿಯನ್ನು ಹರಳಿನ ಮೇಲಿಟ್ಟೆ. ಅದೂ ಅಲ್ಲಿಯೇ, 2854ರಲ್ಲಿ! ದ್ರವರೂಪದ ಎಣ್ಣೆಯ ಸರಪಳಿಗಳು ಸಹಜವಾಗಿಯೇ ಸಡಿಲ. ವಜ್ರದಿಂದ ಹೊರಟ ಬೆಳಕು ರೋಹಿತದ ಆ ಭಾಗದಲ್ಲಿ ಚರ್ಮದೊಳಗೆ ಹೋಗುವುದು ಒಂದು ಮೈಕ್ರಾನ್‌ಗಿಂತಲೂ ಕಡಿಮೆ. ಅಷ್ಟು ದಪ್ಪದ ಎಣ್ಣೆಯ ಪೊರೆಯಿದ್ದರೆ ಚರ್ಮದ ಸುದ್ದಿಯೇ ಬರುವುದಿಲ್ಲ. ಮಧ್ಯಾಹ್ನ ನಾನು ಓದಿದ್ದು ಬರೀ ಎಣ್ಣೆಯನ್ನು. ಆ ಸಾಲಿನ ಮೇಲೆ ಗೀಟು ಎಳೆದೆ.

ಎಣ್ಣೆಗೆ ತನ್ನದೇ ಎರಡು ಗುರುತುಗಳಿವೆ. 1745ರ ಬಳಿ ಕಾಣುವ, ಎಣ್ಣೆಯ ಕೊಬ್ಬಿನಾಮ್ಲಗಳನ್ನು ಹಿಡಿದಿಡುವ ಎಸ್ಟರ್ ಕೊಂಡಿಯ ಶಿಖರ ಒಂದು. ಚರ್ಮದ ಸಹಜ ಜಿಡ್ಡು ಕೂಡ ಅದೇ ಜಾಗದಲ್ಲಿ ಕಾಣಿಸುವುದರಿಂದ ಅದು ಅಷ್ಟು ನೆಚ್ಚತಕ್ಕದ್ದಲ್ಲ. ಇನ್ನೊಂದು 3009ರ ಪುಟ್ಟ ಶಿಖರ, ಇಂಗಾಲದ ಸರಪಳಿಯ ಜೋಡಿ ಬಂಧಗಳದು. ಕುಸುಬೆಯಲ್ಲಿ ಇಂಥ ಬಂಧಗಳಿರುವ ಲಿನೋಲಿಯಿಕ್ ಆಮ್ಲ ಹೇರಳವಾಗಿರುವುದರಿಂದ ಅದು ಎದ್ದು ಕಾಣುತ್ತದೆ. ನಾನು ಅದನ್ನೇ ಹಿಡಿದೆ.

ಜಿಡ್ಡು ಕರಗಿಸುವ ದ್ರವವಾದ ಹೆಕ್ಸೇನ್‌ನಲ್ಲಿ ಒರೆಸಿಬಿಡು ಎಂದು ಗೆಳೆಯರೊಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಎಣ್ಣೆಯ ಜೊತೆಗೆ ಚರ್ಮದ ಲಿಪಿಡ್‌ಗಳನ್ನೂ ಅದು ಎತ್ತಿಕೊಂಡು ಹೋದರೆ ಅಳೆಯಲು ಉಳಿಯುವುದೇನು? ಅಂಟುಪಟ್ಟಿಯ ದಾರಿ ನಿಧಾನವಾದರೂ ಸರಿಯೆನಿಸಿತು. ಪಟ್ಟಿಯನ್ನು ಒತ್ತಿ ಕಿತ್ತರೆ ಹೊರಪದರದ ತೆಳುವಾದ ಒಂದು ಪೊರೆ ಏಳುತ್ತದೆ; ಕಿತ್ತ ಪ್ರತಿ ಸಲವೂ ಚರ್ಮವನ್ನು ಅಳೆಯುತ್ತಾ ಹೋಗಬೇಕು. ಅಂಟಿನ ರೋಹಿತವನ್ನು ಮೊದಲೇ ತೆಗೆದಿಟ್ಟುಕೊಂಡಿದ್ದೆ. ಎಣ್ಣೆ ಹಚ್ಚದ ಬಲಗೈಯಲ್ಲಿಯೂ ಅಷ್ಟೇ ಪಟ್ಟಿಗಳನ್ನು ಕಿತ್ತೆ.

ಎಡಗೈಯಲ್ಲಿ 3009ರ ಶಿಖರ ಪಟ್ಟಿಯಿಂದ ಪಟ್ಟಿಗೆ ಕುಗ್ಗುತ್ತಾ ಬಂದು ಆರನೆಯ ಪಟ್ಟಿಯ ಹೊತ್ತಿಗೆ ಕಾಣದಾಯಿತು. ಅದರ ಹಿಂದೆಯೇ ಸಿಎಚ್2 ಶಿಖರವೂ 2850ರ ಕಡೆಗೆ ಮರಳಿತು, ಬಲಗೈಯಲ್ಲಿ ಇದ್ದಲ್ಲಿಗೇ. ವಾರಕ್ಕೊಂದರಂತೆ ಇನ್ನೆರಡು ಸಲ ಮಾಡಿದಾಗಲೂ ಹೀಗೆಯೇ ಆಯಿತು. ನನ್ನ ಕೈಯ ಮಟ್ಟಿಗೆ ಎಣ್ಣೆ ಮೇಲಿನ ಕೆಲವು ಪದರಗಳಲ್ಲಿಯೇ ನಿಂತಿತ್ತು. ಕೆಳಗಿನ ಬಣವೆ ಕದಲಿರಲಿಲ್ಲ.

ಸರಪಳಿಗಳು ಎಷ್ಟು ಬಿಗಿಯಾಗಿ ಒತ್ತಿಕೊಂಡಿವೆ ಎಂದು ಹೇಳುವ ಇನ್ನೊಂದು ಗುರುತು 1462 ಮತ್ತು 1473ರ ಜೋಡಿ ಶಿಖರ. ಧಾರವಾಡದ ಮಳೆಗಾಲದಲ್ಲಿ ಗಾಳಿಯ ನೀರಾವಿ ಅದೇ ಜಾಗದಲ್ಲಿ ಗೆರೆ ಎಬ್ಬಿಸುತ್ತದೆ. ಹಾಗಾಗಿ ಆ ಅಳತೆಗಳನ್ನು ಚಳಿಗಾಲಕ್ಕೇ ಇಟ್ಟುಕೊಳ್ಳುತ್ತೇನೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಅವ್ವನಿಗೆ ಎಲ್ಲವನ್ನೂ ಹೇಳಿದೆ. "ಮೇಲೆಯೇ ಕುಳಿತು ನೀರು ಆರದಂತೆ ತಡೆದರೆ ಅದೂ ಒಳ್ಳೆಯದೇ, ಹಚ್ಚಿಕೋ" ಎಂದೆ. "ನೀನು ನೋಡಿದ್ದು ಕೈಯನ್ನು, ಒಡೆದಿರುವುದು ಹಿಮ್ಮಡಿ" ಎಂದಳು ಅವಳು. ಮಾತು ಸರಿಯಾಗಿಯೇ ಇತ್ತು. ಹಿಮ್ಮಡಿಯ ಹೊರಪದರ ಮುಂಗೈಯದಕ್ಕಿಂತ ಹತ್ತಾರು ಪಟ್ಟು ದಪ್ಪ, ಅಂಟುಪಟ್ಟಿ ಅಲ್ಲಿಗೆ ಸಾಲದು. ಅದನ್ನು ತೆಳ್ಳಗೆ ಸೀಳಿ ಅವಕೆಂಪು ಸೂಕ್ಷ್ಮದರ್ಶಕದಡಿ ನೋಡಬೇಕು. ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅರ್ಜಿ ಬರೆಯುತ್ತಿದ್ದೇನೆ.