ಜಾನರ್ ಜಾಗದಲ್ಲಿ ನಾನು ಏನು ಬರೆಯುತ್ತೇನೆ

ಉಡುಪಿಯಲ್ಲಿ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ ಕೊಡುವುದು ನನ್ನ ಕೆಲಸ. ಯಕ್ಷಗಾನದ ಆಟ, ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಲೆ, ದಾಸರ ಪದ, ಕೊಂಕಣಿ ಹಾಡು, ತುಳುವಿನ ಕಥೆಹಾಡು ಪಾಡ್ದನ ಎಲ್ಲ ಬರುತ್ತವೆ. ಇಳಿಸುವುದು ಸುಲಭ. ಪ್ರತಿ ಫೈಲಿಗೂ ಕಂಪ್ಯೂಟರ್ 'ಜಾನರ್', ಅಂದರೆ ಸಂಗೀತದ ಪ್ರಕಾರ, ಕೇಳುತ್ತದಲ್ವಾ, ಯೋಚನೆ ಬೇಕಾದದ್ದು ಅಲ್ಲಿ.

ಎಂಪಿ3 ಒಳಗೆ ಇಂಥ ವಿವರ ಬರೆದಿಡುವ ಐಡಿ3 ವ್ಯವಸ್ಥೆ ಬಂದದ್ದು 1996ರಲ್ಲಿ. ಆಗ ಪ್ರಕಾರಗಳಿಗೆ 80 ಹೆಸರುಗಳ ಪಟ್ಟಿ ಇತ್ತು, ಒಂದನ್ನು ಮಾತ್ರ ಆರಿಸಬೇಕು. ಅದರಲ್ಲಿ ಯುರೋಪಿನ ಕುಣಿತದ ಸಂಗೀತ ಪೋಲ್ಕಾ ಇದೆ, ಕರ್ನಾಟಕ ಸಂಗೀತ ಇಲ್ಲ. 'ಫೋಕ್' (ಜಾನಪದ) ಕೂಡ ಆಮೇಲೆ ವಿನ್‌ಆ್ಯಂಪ್ ಎಂಬ ಪ್ಲೇಯರ್ ತಂತ್ರಾಂಶದವರು ಸೇರಿಸಿದ್ದು. ನಮ್ಮ ಚೆಂಡೆಯೂ, ಮಣ್ಣಿನ ವಾದ್ಯ ಗುಮಟೆಯೂ ಒಟ್ಟಿಗೆ 'ಎಥ್ನಿಕ್' ಆಗಬೇಕು. ಕೇಳುವವರಿಗೆ ಇದರಿಂದ ಏನು ಸಿಕ್ಕಿತು ಹೇಳಿ?

'ವರ್ಲ್ಡ್ ಮ್ಯೂಸಿಕ್' ಎಂಬ ಹೆಸರೂ ಅಷ್ಟೆ. 1987ರಲ್ಲಿ ಲಂಡನ್ನಿನಲ್ಲಿ ರೆಕಾರ್ಡ್ ಕಂಪನಿಯವರು ಸೇರಿ ಅದನ್ನು ಆರಿಸಿಕೊಂಡರು. ಅಂಗಡಿಯಲ್ಲಿ ಎಲ್ಲಿ ಇಡುವುದು ಎನ್ನುವುದು ಅವರ ಚಿಂತೆ. ಅಂಗಡಿಗೆ ಅದು ಬೇಕಿತ್ತು, ಒಪ್ಪುತ್ತೇನೆ.

ಈಗಿನ ಐಡಿ3ಯಲ್ಲಿ ನಮಗೆ ಬೇಕಾದ ಪದ ಬರೆಯಬಹುದು. ಹಾಗಾಗಿ ಜನ ಕೇಳುವ ಮಾತನ್ನೇ ಬರೆಯುತ್ತೇನೆ. ಯಾರೂ ಬಂದು "ಜಾನಪದ ಉಂಟಾ?" ಎನ್ನುವುದಿಲ್ಲ. "ಬಡಗಿನದ್ದು ಉಂಟಾ ಮಾರಾಯ್ರೆ?" ಎನ್ನುತ್ತಾರೆ. ಯಕ್ಷಗಾನದ ದಕ್ಷಿಣದ ಶೈಲಿ ತೆಂಕು, ಉತ್ತರದ್ದು ಬಡಗು. ಇವು ಕೂಡ ಪ್ರಕಾರದ ಹೆಸರುಗಳೇ. ಆದರೆ ಇವು ಏನನ್ನು ಗಮನಿಸಬೇಕು ಎಂದು ಕಿವಿಗೆ ಹೇಳಿಕೊಡುತ್ತವೆ. ತೆಂಕಿನವರು ಚೆಂಡೆಯನ್ನು ಹೆಗಲಿಗೆ ಹಾಕಿ ನಿಂತು ಬಾರಿಸುತ್ತಾರೆ. ಬಡಗಿನ ಚಂಡೆಯೇ ಬೇರೆ, ಕೂತು ಬಾರಿಸುವುದು. ಭಾಗವತಿಕೆಯ, ಅಂದರೆ ಹಾಡುಗಾರಿಕೆಯ, ದಾಟಿಯೂ ಬೇರೆ. ಹೆಸರು ನೋಡಿಕೊಂಡು ಕೇಳಿದರೆ ಹೊಸಬರಿಗೂ ವ್ಯತ್ಯಾಸ ಬೇಗ ಹಿಡಿಯುತ್ತದೆ. ಇಂಥ ಹೆಸರು ಬೇಕೇ ಬೇಕು. ತಾಳಮದ್ದಲೆಯಲ್ಲಿ ಮಾತೇ ಜಾಸ್ತಿ, ಅದಕ್ಕೆ ಪ್ರಸಂಗ ಮತ್ತು ಮಾತನಾಡುವ ಅರ್ಥಧಾರಿಗಳ ಹೆಸರು ಸೇರಿಸುತ್ತೇನೆ.

ಪಾಡ್ದನಕ್ಕೆ ಸಂದರ್ಭ ಬರೆಯಲೇಬೇಕು. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಹೆಂಗಸರು ಹಾಡಿದ್ದೋ, ಭೂತಕೋಲದಲ್ಲಿ ತೆಂಬರೆ ಎಂಬ ಚಿಕ್ಕ ವಾದ್ಯ ಬಾರಿಸುತ್ತಾ ಹೇಳಿದ್ದೋ? ಕಥೆ ಒಂದೇ ಇದ್ದರೂ ಕೇಳುವ ಅನುಭವ ಒಂದೇ ಅಲ್ಲ.

ದಾಸರ ಪದಗಳಿಗೆ ಒಂದೇ ಹೆಸರು ಸಾಲುವುದಿಲ್ಲ. ಪುರಂದರದಾಸರ ಪದಗಳನ್ನು ಭೀಮಸೇನ ಜೋಶಿ ಹಾಡಿದ್ದಾರೆ. 'ಹಿಂದೂಸ್ತಾನಿ' ಎಂದಷ್ಟೇ ಬರೆದರೆ ದಾಸರ ಪದ ಹುಡುಕುವ ಅಜ್ಜಿಗೆ ಅದು ಸಿಗುವುದಿಲ್ಲ. 'ಭಕ್ತಿಗೀತೆ' ಎಂದರೆ ಹಿಂದೂಸ್ತಾನಿ ಕಲಿಯುವ ಮೊಮ್ಮಗಳಿಗೆ ಸಿಗುವುದಿಲ್ಲ. ನಾನು ಎರಡನ್ನೂ ಬರೆಯುತ್ತೇನೆ.

ಸ್ಯಾಕ್ಸೋಫೋನ್ ವಾದಕ ಕದ್ರಿ ಗೋಪಾಲನಾಥರ ವಿಷಯದಲ್ಲಂತೂ ನನಗೆ ಹಟವೇ ಇದೆ. ಸ್ಯಾಕ್ಸೋಫೋನ್ ಕಂಡ ಕೂಡಲೇ ಕೆಲವರು 'ಜಾಝ್' ಎಂದು ಹಾಕಿಬಿಡುತ್ತಾರೆ. ಜಾಝ್ ಕಲಾವಿದರ ಜೊತೆಗೂ ಅವರು ನುಡಿಸಿದ್ದಾರೆ, ನಿಜ. ಆದರೆ ಅವರ ಕಚೇರಿ ಅಪ್ಪಟ ಕರ್ನಾಟಕ ಸಂಗೀತ. ನಾಗಸ್ವರ ನುಡಿಸುವವರ ಮನೆಯಲ್ಲಿ ಹುಟ್ಟಿದವರು. ಸ್ವರವನ್ನು ಬಳುಕಿಸುವ ಗಮಕ ಸರಿಯಾಗಿ ಬರಲಿ ಎಂದು ವಾದ್ಯವನ್ನೇ ತಿದ್ದಿಕೊಂಡರು. 'ಜಾಝ್' ಎಂದು ಬರೆದರೆ ಆ ಶ್ರಮವೆಲ್ಲ ಮರೆಯಾಗುತ್ತದೆ. ಅವರ ಫೈಲುಗಳಲ್ಲಿ 'ಕರ್ನಾಟಕ ಸಂಗೀತ' ಎಂದು ಬರೆದು, ಜೊತೆಗೆ ರಾಗ, ತಾಳ, ಕೃತಿ ರಚಿಸಿದವರ ಹೆಸರು ಹಾಕುತ್ತೇನೆ. ವಾದ್ಯದ ಹೆಸರು ಕೊನೆಗೆ.

ನೀವೂ ಇದನ್ನು ಮಾಡುವುದಾದರೆ ಒಂದು ವಿಷಯ. ಕಾರಿನ ಎಷ್ಟೋ ಪ್ಲೇಯರುಗಳಲ್ಲಿ ಕನ್ನಡ ಅಕ್ಷರದ ಬದಲು ಚೌಕಗಳು ಕಾಣುತ್ತವೆ. ಅದಕ್ಕೆ ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿಟ್ಟು, ಒಳಗಿನ ವಿವರವನ್ನು ಕನ್ನಡದಲ್ಲೇ ಬರೆಯಿರಿ.