ಮೊದಲ ಬ್ಯಾಟರ್ ಯಾರು? ಆನ್-ಬೇಸ್ ಲೆಕ್ಕ ನೋಡ್ರಿ

ಬೆಳಗಾವಿ ಕಡೆ ಬೇಸ್‌ಬಾಲ್ ತಂಡ ಕಟ್ಟೋರು ಮೊದಲ ಬ್ಯಾಟರ್‌ನ ಆರಿಸೋವಾಗ ಬ್ಯಾಟಿಂಗ್ ಸರಾಸರಿಗಿಂತ ಆನ್-ಬೇಸ್ ಲೆಕ್ಕ, ಅಂದ್ರ ಔಟ್ ಆಗದೇ ಬೇಸ್ ಮುಟ್ಟೋ ಪ್ರಮಾಣ ನೋಡ್ರಿ. ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟಿದ್ದು), ವಾಕ್ (ನಾಲ್ಕು ಕೆಟ್ಟ ಎಸೆತಕ್ಕ ಪುಕ್ಕಟೆ ಸಿಕ್ಕ ಬೇಸ್), ಮೈಗೆ ಚೆಂಡು ಬಡದು ಸಿಕ್ಕ ಬೇಸ್ ಕೂಡಿಸ್ರಿ. ಅದನ್ನ ಅಟ್-ಬ್ಯಾಟ್ (ವಾಕ್, ಮೈಗೆ ಬಡದದ್ದು, ಸ್ಯಾಕ್ರಿಫೈಸ್ ಬಿಟ್ಟು ಉಳದ ಬ್ಯಾಟಿಂಗ್ ಸರದಿ), ವಾಕ್, ಮೈಗೆ ಬಡದದ್ದು, ಸ್ಯಾಕ್ರಿಫೈಸ್ ಫ್ಲೈ (ತಾನು ಕ್ಯಾಚ್ ಔಟ್ ಆಗಿ ಜೊತೆಗಾರನಿಗೆ ರನ್ ಕೊಡಿಸಿದ ಹೊಡೆತ) ಇವುಗಳ ಮೊತ್ತದಿಂದ ಭಾಗಿಸ್ರಿ. 40 ಅಟ್-ಬ್ಯಾಟ್‌ನಾಗ 12 ಹಿಟ್, 1 ವಾಕ್ ಇದ್ದವನ ಸರಾಸರಿ (ಹಿಟ್ ಭಾಗಿಸು ಅಟ್-ಬ್ಯಾಟ್) .300, ಆನ್-ಬೇಸ್ .317. ಅಷ್ಟ ಅಟ್-ಬ್ಯಾಟ್‌ನಾಗ 10 ಹಿಟ್, 10 ವಾಕ್ ಇದ್ದವನ ಸರಾಸರಿ .250 ಆದ್ರೂ ಆನ್-ಬೇಸ್ .400. ಇವನನ್ನ ಮೊದಲ ಕಳಸ್ರಿ. 9 ಇನಿಂಗ್ಸ್‌ಗೆ ಇರೋದು 27 ಔಟ್. ಔಟ್ ಉಳದಷ್ಟು ದೊಡ್ಡ ಹೊಡೆತದವರಿಗೆ ಸರದಿ ಹೆಚ್ಚು. ಎದುರಾಳಿಯ ಫೀಲ್ಡಿಂಗ್ ತಪ್ಪಿನಿಂದ ಸಿಕ್ಕ ಬೇಸ್ ಸೇರಿಸಬ್ಯಾಡ್ರಿ. ನಾಲ್ಕೈದು ಪಂದ್ಯದ ಅಂಕಿ ನಂಬಂಗಿಲ್ಲ. ಶಾಲಾ ಮಟ್ಟದಾಗಂತೂ ಪಿಚರ್‌ಗೆ (ಚೆಂಡು ಎಸೆಯೋನಿಗೆ) ಹಿಡಿತ ಇರದಿದ್ರ ಎಲ್ಲಾರಿಗೂ ವಾಕ್ ಸಿಗತಾವ, ಆಗ ಗಟ್ಟಿ ಪಿಚರ್ ಎದುರಿನ ಪಂದ್ಯಗಳನ್ನಷ್ಟ ಬ್ಯಾರೆ ಬರದು ಹೋಲಿಸ್ರಿ.