ತಪ್ಪೆಲ್ಲ ವೋಲ್ಟೇಜ್‌ದೇ

ಮುಧೋಳದಲ್ಲಿ ನನ್ನದೊಂದು ಸಣ್ಣ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್ ಮೋಟರ್‌ಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಸುತ್ತಲೂ ಕಬ್ಬು, ಹೀಗಾಗಿ ಬೇಸಿಗೆ ಬಂತೆಂದರೆ ಉಸಿರಾಡಲೂ ಪುರುಸೊತ್ತಿಲ್ಲ. ಯಾರೇ ಸುಟ್ಟ ಮೋಟರ್ ತಂದಿಳಿಸಿದರೂ ನನ್ನ ಬಾಯಿಂದ ಬರುತ್ತಿದ್ದ ಮಾತು ಒಂದೇ: "ವೋಲ್ಟೇಜ್ ಕಾಕಾ, ವೋಲ್ಟೇಜ್." ಬಿಚ್ಚಿ ನೋಡುವ ಮೊದಲೇ ಹೇಳಿಬಿಡುತ್ತಿದ್ದೆ. ವೋಲ್ಟೇಜ್ ಅಂಗಡಿಗೆ ಬಂದು ಜಗಳ ತೆಗೆಯೋದಿಲ್ಲ ಅಲ್ವಾ?

ಒಂದು ಏಪ್ರಿಲ್‌ನಲ್ಲಿ ನಮ್ಮ ಖಾಯಂ ಗಿರಾಕಿ ಕಾಕಾ ಒಬ್ಬರು 5 ಎಚ್‌ಪಿ ಮೋಟರನ್ನು ಟಂಟಂನಲ್ಲಿ ಹಾಕಿಕೊಂಡು ಬಂದರು. ನಾನೇ ವೈಂಡಿಂಗ್ ಮಾಡಿಕೊಟ್ಟು ಹನ್ನೊಂದು ದಿನ ಆಗಿತ್ತಷ್ಟೇ. ರೂಢಿಯಂತೆ ವೋಲ್ಟೇಜ್ ಅಂದೆ. "ಹೌದಪಾ, ಈಗೀಗ ಬಾಳ ಕಡಿಮಿ ಬರತೈತಿ. ಕಬ್ಬ ಬಾಡಾಕತ್ತೈತಿ, ಲಗೂನ ಮಾಡಿಕೊಡು" ಅಂದು ಮುಂಗಡ ಕೊಟ್ಟು ಹೋದರು.

ರಾತ್ರಿ ಬಿಚ್ಚಿದೆ. ಸುಟ್ಟ ಕಾಯಿಲ್ ಸುಳ್ಳು ಹೇಳುವುದಿಲ್ಲ. ವೋಲ್ಟೇಜ್ ಕಡಿಮೆ ಇದ್ದಾಗ ಮೋಟರ್ ಕರೆಂಟ್ ಜಾಸ್ತಿ ಎಳೆದು, ಕಾಯಿಲ್ ಎಲ್ಲವೂ ಒಂದೇ ಸಮ ಕಪ್ಪಾಗುತ್ತವೆ. ಮೂರು ಫೇಸ್ ಕರೆಂಟಿನಲ್ಲಿ ಒಂದು ಫೇಸ್ ಹೋಗಿದ್ದರೆ, ಸ್ಟಾರ್ ಜೋಡಣೆಯಲ್ಲಿ, ಅಂದರೆ ಮೂರೂ ಫೇಸಿನ ಕಾಯಿಲ್‌ಗಳ ಒಂದೊಂದು ತುದಿ ಒಂದೇ ಕಡೆ ಕೂಡಿರುವಾಗ, ಎರಡು ಫೇಸಿನ ಕಾಯಿಲ್ ಕರಕಲು, ಮೂರನೆಯದು ಹೊಸದರಂತೆ ಇರುತ್ತದೆ. ಇಲ್ಲಿ ಎಲ್ಲವೂ ಕೆಂಪಗೆ ಹೊಳೆಯುತ್ತಿದ್ದವು. ಕಾಯಿಲ್ ಕೂರುವ ಕಬ್ಬಿಣದ ಗಾಡಿಗೆ ಸ್ಲಾಟ್ ಅನ್ನುತ್ತೇವೆ; ಅಂಥ ಒಂದೇ ಒಂದು ಸ್ಲಾಟಿನ ಬಾಯಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗ ಕರಗಿ ಕಬ್ಬಿಣಕ್ಕೆ ಅಂಟಿತ್ತು.

"ಅಣ್ಣಾ, ಅವತ್ತ ಪೇಪರ್ ಹರಿದಿತ್ತಲ್ಲ, ಅದ ಸ್ಲಾಟ್ ಇದು" ಅಂದ ಅಂಗಡಿಯ ಹುಡುಗ.

ನನಗೂ ನೆನಪಿತ್ತು. ಕಾಯಿಲ್ ತುಂಬುವಾಗ, ತಂತಿ ಕಬ್ಬಿಣಕ್ಕೆ ತಾಗದಂತೆ ಸ್ಲಾಟಿನೊಳಗೆ ಹಾಕುವ ಪೇಪರ್ ಹರಿದಿತ್ತು. ಹೊರಗೆ ತೆಗೆದು ಹೊಸ ಪೇಪರ್ ಹಾಕಬೇಕಿತ್ತು. ನಾನು ಒಂದು ಚೂರು ಪೇಪರ್ ತುರುಕಿ ಮುಂದೆ ಹೋಗಿದ್ದೆ. ವಾರ್ನಿಷ್ ಹಚ್ಚಿ ಸರಿಯಾಗಿ ಕಾಯಿಸಲೂ ಇಲ್ಲ, ಸುಮ್ನೆ ಒಂದು ತಾಸು ಬಿಸಿಲಿಗೆ ಇಟ್ಟು ಕೊಟ್ಟಿದ್ದೆ. ಕರೆಂಟ್ ಕಬ್ಬಿಣಕ್ಕೆ ಸೋರುತ್ತದೆಯೇ ಎಂದು ತೋರಿಸುವ ಮೆಗ್ಗರ್ ಎಂಬ ಮೀಟರ್ ಹಚ್ಚಿ ನೋಡಿರಲಿಲ್ಲ.

ಬೆಳಿಗ್ಗೆ ಫೋನ್ ಮಾಡುವ ಮೊದಲು ಮನಸ್ಸಿನಲ್ಲೇ ಮಾತು ಜೋಡಿಸಿದೆ. ಸೀಸನ್ ಗದ್ದಲ, ಪೇಪರ್ ಕ್ವಾಲಿಟಿ ಸರಿ ಇಲ್ಲ, ಹುಡುಗ ಹೊಸಬ. ಹುಡುಗನ ಹೆಸರು ಬಂದಾಗ ಮಾತ್ರ ನನಗೇ ನಾಚಿಕೆಯಾಯಿತು. ಅವನು ಆ ದಿನ ಸ್ಲಾಟ್ ಮುಟ್ಟಿಯೇ ಇರಲಿಲ್ಲ. ಕೊನೆಗೆ ಇಷ್ಟೇ ಹೇಳಿದೆ: "ಕಾಕಾ, ವೋಲ್ಟೇಜ್ ಅಲ್ರಿ, ನನ್ನ ಕೆಲಸದಾಗ ತಪ್ಪಾಗೈತಿ. ಪುಕ್ಕಟೆ ಮಾಡಿಕೊಡ್ತೀನಿ. ಅಲ್ಲಿ ತನಕ ಅಂಗಡಿ ಮೋಟರ್ ಒಯ್ಯಿರಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮತ್ತ ಹೋದ ವರ್ಷ ಸುಟ್ಟಿದ್ದು?"

ಈ ಪ್ರಶ್ನೆಗೆ ನಾನು ತಯಾರಿರಲಿಲ್ಲ. "ಗೊತ್ತಿಲ್ರಿ ಕಾಕಾ, ಆಗ ನಾ ನೋಡಲೇ ಇಲ್ಲ" ಅಂದೆ. ತಪ್ಪು ಒಪ್ಪಿದ್ದಕ್ಕಿಂತ ಇದನ್ನು ಹೇಳುವಾಗ ಬಾಯಿ ಒಣಗಿತ್ತು. ಎಷ್ಟು ಜನರಿಗೆ ಹೀಗೆ ಹೇಳಿ ಕಳಿಸಿದ್ದೆನೋ.

ತಾಮ್ರದ ತಂತಿ, ಎರಡು ದಿನದ ದುಡಿಮೆ ನನ್ನ ಕಿಸೆಯಿಂದ ಹೋಯಿತು. ಅದಿರಲಿ. ಆವತ್ತಿನಿಂದ ಗಿರಾಕಿ ಎದುರಿಗೇ ಮೋಟರ್ ಬಿಚ್ಚುತ್ತೇನೆ, ಬಿಚ್ಚುವ ತನಕ ಕಾರಣ ಹೇಳುವುದಿಲ್ಲ. ಪೇಪರ್ ಹರಿದರೆ ಕಾಯಿಲ್ ಹೊರಗೆ ಬರಬೇಕು, ರಾತ್ರಿ ಹನ್ನೆರಡಾದರೂ ಸರಿ. ಹೊಸ ವೈಂಡಿಂಗ್‌ಗೆ 500 ವೋಲ್ಟ್ ಮೆಗ್ಗರ್‌ನಲ್ಲಿ 5 ಮೆಗಾಓಮ್ ಕೂಡ ಬರದಿದ್ದರೆ ಮೋಟರ್ ಅಂಗಡಿ ದಾಟುವುದಿಲ್ಲ. ತಂತಿಯ ಗೇಜು, ಸುತ್ತುಗಳ ಲೆಕ್ಕ, ಮೆಗ್ಗರ್ ರೀಡಿಂಗ್ ಎಲ್ಲಾ ವಹಿಯಲ್ಲಿ ಬರೆದು ಕೆಳಗೆ ನನ್ನ ಸಹಿ ಹಾಕುತ್ತೇನೆ.

ಹಾಗಂತ ಎಲ್ಲರ ತಪ್ಪನ್ನೂ ತಲೆ ಮೇಲೆ ಹೊತ್ತುಕೊಂಡಿಲ್ಲ. ಒಬ್ಬರು ಫೇಸ್ ಹೋಗಿ ಸುಟ್ಟ ಮೋಟರ್ ತಂದು ಪುಕ್ಕಟೆ ಮಾಡಿಕೊಡು ಎಂದು ಕೂತರು. ಕರಕಲಾದ ಎರಡು ಫೇಸ್, ಹೊಳೆಯುವ ಮೂರನೆಯದು ತೋರಿಸಿದೆ, ಸ್ಟಾರ್ಟರ್‌ಗೆ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಾಧನ) ಹಾಕಿಸಿಕೊಳ್ಳಿ ಅಂದೆ. ಸಿಟ್ಟಾಗಿ ಬೇರೆ ಅಂಗಡಿಗೆ ಹೋದರು.

ಕಾಕಾ ಮಾತ್ರ ಹೋಗಲಿಲ್ಲ. ಈಗಲೂ ಸಂತೆಗೆ ಬಂದಾಗ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ನಾಲ್ಕು ಜನ ಗಿರಾಕಿ ಕೂತಿರುವಾಗಲೇ ಕೂಗುತ್ತಾರೆ: "ಏನ್ ತಮ್ಮಾ, ವೋಲ್ಟೇಜ್ ಹೆಂಗೈತಿ?"